ಕೆಂಪು ದಾರ ಇಟ್ಟ ಪುಟ

ಮುಬಾಶಿರಾ ಮಾತಿಲ್ಲದೆ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು.

ಮಡಿಲಲ್ಲಿ ಮುಷ್ಟಿಗಾತ್ರದ ಒಂದು ಉಂಡೆ. ಯಾವುದೋ ಊರಿನ ಯಾವುದೋ ಹೆಂಗಸಿನ ಬಾಚಣಿಗೆಯಲ್ಲಿ ಉಳಿದು, ಗೋಡೆಯ ಸಂದಿಯಲ್ಲಿ ಕೂತು, ಬೀದಿ ವ್ಯಾಪಾರಿಯ ಚೀಲ ಸೇರಿ, ಕೊನೆಗೆ ಕೊಪ್ಪಳದ ಭಾಗ್ಯನಗರದ ಈ ಶೆಡ್ಡಿಗೆ ಬಂದ ಕೂದಲು. ದಬ್ಬಣದ ತುದಿಯಿಂದ ಒಂದೊಂದೇ ಎಳೆಯನ್ನು ಮೇಲೆತ್ತಬೇಕು. ಜಗ್ಗಿದರೆ ತುಂಡಾಗುತ್ತದೆ. ಸಿಟ್ಟು ಮಾಡಿಕೊಂಡರೆ ಇನ್ನಷ್ಟು ಸಿಕ್ಕಾಗುತ್ತದೆ.

ಬಿಡಿಸಿದ ಎಳೆಗಳನ್ನು ಉದ್ದ ನೋಡಿ ಹಲಗೆಯ ಮೇಲೆ ಜೋಡಿಸುತ್ತಿದ್ದಳು. ಕೆಲಸ ಮುಗಿದ ಕೂದಲಿನ ಕಟ್ಟಿಗೆ ಕೆಂಪು ದಾರ. ಮುಗಿಯದ್ದಕ್ಕೆ ಬಿಳಿ ದಾರ. ಆ ಶೆಡ್ಡಿನಲ್ಲಿ ಅದೇ ಕಾನೂನು. ಇನ್ನೊಂದು ಕಾನೂನೂ ಇತ್ತು. ಎಷ್ಟೇ ಬೇಸಿಗೆಯಾದರೂ ಫ್ಯಾನ್ ಹಾಕಬಾರದು, ಬಾಗಿಲು ತೆರೆದಿಡಬಾರದು.

ಆ ಬಾಗಿಲು ಧಡ್ಡನೆ ತೆರೆಯಿತು!

"ಬಾಗಿಲಾ...! ಬಾಗಿಲಾ ಹಾಕ್ರೀ!"

ಹನ್ನೆರಡು ಹೆಂಗಸರು ಒಮ್ಮೆಲೇ ಕೂಗಿದರು. ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಬಂದ ತರುಣ ಬೆದರಿ ಹೊಸ್ತಿಲಲ್ಲೇ ನಿಂತುಬಿಟ್ಟ. ಬಿಸಿಗಾಳಿ ಅವನನ್ನು ದಾಟಿ ಒಳಗೆ ನುಗ್ಗಿತು. ಮುಬಾಶಿರಾಳ ಹಲಗೆಯ ಮೇಲಿನ ಎಳೆಗಳೆಲ್ಲ ಎದ್ದು, ತೇಲಿ, ಗೋಡೆಗೆ, ಚೀಲಕ್ಕೆ, ಅವನ ಅಂಗಿಗೆ ಅಂಟಿಕೊಂಡವು.

ಅವಳ ಎಡಗೈ ತಾನಾಗಿ ತಲೆಗೆ ಹೋಯಿತು. ದುಪಟ್ಟಾದ ಅಂಚನ್ನು ಹಣೆಯ ಮೇಲೆ ಬಿಗಿಯಾಗಿ ಹಿಡಿಯಿತು. ಗಾಳಿ ಬೀಸಿದಾಗಲೆಲ್ಲ ಆ ಕೈ ಹಾಗೇ ಹೋಗುತ್ತಿತ್ತು. ಒಂಬತ್ತು ವರ್ಷಗಳಿಂದ...

"ಏನ್ ತಮ್ಮಾ, ನಿಮ್ಮ ಮನಿಗೆ ಬಾಗಿಲಾ ಇಲ್ಲೇನು?" ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಹುಲಿಗವ್ವ ಗದರಿದಳು.

"ಐತ್ರಿ... ನನಗ ಗೊತ್ತಾಗಲಿಲ್ರಿ."

"ಗೊತ್ತಾಗಲಿಲ್ಲಂದ್ರ ಈಗ ಆರಸು! ಆ ಹುಡುಗಿ ಮುಂಜಾನಿಂದ ಮಾಡಿದ್ದು ನೋಡಲ್ಲೆ, ಗ್ವಾಡಿಗೆಲ್ಲಾ ಮೆತ್ತೇತಿ!"

ಅವನು ನಿಜವಾಗಿಯೂ ಮೊಣಕಾಲೂರಿ ಕೂತ! ನೆಲದಿಂದ ಒಂದೊಂದೇ ಎಳೆ ಆರಿಸಿ ಅವಳ ಹಲಗೆಯ ಮೇಲಿಡತೊಡಗಿದ. "ನಜೀಬ ಅಂತ್ರಿ. ಕುಷ್ಟಗಿಯಾಂವ. ಸಾಹುಕಾರ್ರು ಕಂಪ್ಯೂಟರ್ ಕೆಲಸಕ್ಕ ತೊಗೊಂಡಾರ," ಎಂದ.

ಅವನ ಕೆನ್ನೆಯ ಮೇಲೆ ಉದ್ದನೆಯ ಒಂದು ಎಳೆ ಅಂಟಿತ್ತು. ಹೇಳಬೇಕೆಂದು ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಅವನು ತಲೆಯೆತ್ತಿ ನೋಡಿದ. ಅವಳು ಕಣ್ಣು ತಗ್ಗಿಸಿದಳು. ಎದೆಯಲ್ಲಿ ಏನೋ ಸಿಕ್ಕಾಯಿತು... ಯಾವ ದಬ್ಬಣಕ್ಕೂ ಬಿಡದ ಸಿಕ್ಕು!

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇದೇ ಕೂದಲಿನಿಂದ ವಿಗ್ ಮಾಡುತ್ತಿದ್ದರು. ಕಾಯಿಲೆಯಿಂದಲೋ ಔಷಧದಿಂದಲೋ ಕೂದಲು ಕಳೆದುಕೊಂಡ ಸಾವಿರದ ಆರುನೂರು ಹೆಂಗಸರು ವಿಗ್ ವಿಚಾರಿಸಿ ತಮ್ಮ ಇಮೇಲ್ ವಿಳಾಸ ಕೊಟ್ಟಿದ್ದರು. ವಾರಕ್ಕೊಮ್ಮೆ ಅವರಿಗೆಲ್ಲ ಒಂದು ಮೇಲ್ ಕಳಿಸುವುದು ನಜೀಬನ ಕೆಲಸ.

ಹದಿನೈದು ದಿನ ಕಳೆದ ಮೇಲೆ, ಚಹಾದ ಹೊತ್ತಿನಲ್ಲಿ ಅವನು ತಲೆ ಮೇಲೆ ಕೈಹೊತ್ತು ಹೇಳಿದ. "'ಬಂಪರ್ ಆಫರ್! ವಿಗ್ ಮೇಲೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ! ಇವತ್ತೇ ಕೊನೆ!' ಅಂತ ಬರದು ಕಳಿಸೀನ್ರಿ. ಸಾವಿರದ ಆರುನೂರು ಮಂದ್ಯಾಗ ತೆರದು ನೋಡಿದೋರು ಎಷ್ಟ ಮಂದಿ ಗೊತ್ತೇನ್ರಿ? ಐವತ್ತೆಂಟು!"

"ನಮ್ಮ ಮನ್ಯಾಗ ಕರೆಂಟ್ ಬಿಲ್ ಬಂದ್ರೂ ಯಾರೂ ತೆರಿಯಂಗಿಲ್ಲ. ನಿನ್ನ ಕಾಗದಾ ಯಾರ ತೆರೀತಾರ ಬಿಡು!" ಎಂದಳು ಹುಲಿಗವ್ವ. ಎಲ್ಲರೂ ನಕ್ಕರು.

ಮುಬಾಶಿರಾ ನಗಲಿಲ್ಲ. ಕಪ್ಪಿನೊಳಗೆ ನೋಡುತ್ತಾ ಬಹಳ ಮೆಲ್ಲಗೆ ಹೇಳಿದಳು.

"ಕೂದಲಾ ಹೋದಾಕಿ ಬಂಪರ್ ಅಂದ್ರ ಹೆದರತಾಳ್ರಿ."

ನಜೀಬ ತಿರುಗಿದ. "ಏನಂದ್ರಿ?"

"ಆಕಿ ಮೊಬೈಲ್ ಹಿಡಕೊಂಡಾಗ ಮಗ್ಗಲದಾಗ ಯಾರರೆ ಕುಂತಿರತಾರ. ಮ್ಯಾಲೇನ ವಿಗ್ ಅಂತ ಬರದಿದ್ರ... ಯಾರ ಮುಂದ ತೆರೀಬೇಕ್ರಿ?"

ಎಲ್ಲರೂ ಅವಳತ್ತ ತಿರುಗಿದರು. ಇವಳು ಇಷ್ಟುದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ!

"ನಿಮಗ ಹೆಂಗ ಗೊತ್ತರಿ?"

ಕೈ ದುಪಟ್ಟಾದ ಅಂಚಿಗೆ ಹೋಯಿತು. "ಸುಮ್ಮನ... ಅಂದೆ ಅಷ್ಟ."

ಅಂದಿನಿಂದ ಬರೆಯುವ ಕೆಲಸ ಅವಳದಾಯಿತು. ಸಾಹುಕಾರ ಅಮರಪ್ಪನವರು "ಒಂಬತ್ತನೇತ್ತಾ ಬಿಟ್ಟಾಕಿ ಏನ್ ಬರೀತಾಳಪಾ?" ಎಂದು ಹುಬ್ಬೇರಿಸಿದರು. "ನಾ ಡಿಗ್ರಿ ಮಾಡೀನ್ರಿ, ನಾ ಬರದದ್ದು ಐವತ್ತೆಂಟು ಮಂದಿ ನೋಡ್ಯಾರ," ಎಂದ ನಜೀಬ.

ನೂರು ಪುಟದ ಒಂದು ನೋಟ್‌ಬುಕ್ ತಂದುಕೊಟ್ಟು ಅವನು ಹೇಳಿದ. "ಸಾವಿರದ ಆರುನೂರು ಮಂದಿನ್ನ ಮರತುಬಿಡ್ರಿ. ಒಬ್ಬರನ್ನ ಕಣ್ಣ ಮುಂದ ತಂದುಕೊಂಡು, ಅವರಿಗಷ್ಟ ಬರೀರಿ. ಆಮ್ಯಾಲ ಇನ್ನೊಂದು ಮಾತು. ಮ್ಯಾಲೆ ತಲೆಬರಹದಾಗ ಏನ ಬರೀತೀರಿ, ಒಳಗ ಅದ ಇರಬೇಕು. ಒಂದ ಸಲ ಸುಳ್ಳು ಹೇಳಿ ತೆರಸಬಹುದು. ಎರಡನೇ ಸಲ ಯಾರೂ ತೆರಿಯಂಗಿಲ್ಲ."

ಒಬ್ಬರಿಗೆ...

ಅವಳಿಗೆ ಬೇರೆ ಯಾರೂ ನೆನಪಾಗಲಿಲ್ಲ. ಕನಕಗಿರಿಯ ಮನೆಯೊಂದರಲ್ಲಿ ಕನ್ನಡಿಯ ಮುಂದೆ ನಿಂತ ಹದಿನಾಲ್ಕರ ಹುಡುಗಿ ನೆನಪಾದಳು. ಅವಳಿಗೇ ಬರೆದಳು. ತಲೆಬರಹ: 'ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದ್ದೀರಾ?' ಒಳಗೆ ಹತ್ತೇ ಸಾಲು. ಮುಖ ತೊಳೆದು, ಕನ್ನಡಿ ನೋಡದೆ ಬೊಟ್ಟಿಡಲು, ಕಾಡಿಗೆ ಹಚ್ಚಲು ಕಲಿತವರ ಬಗ್ಗೆ. ಇಂದು ಒಂದು ನಿಮಿಷ ತಿರುಗಿಸಿ ನೋಡಿ, ಸಾಕೆನಿಸಿದರೆ ಮತ್ತೆ ತಿರುಗಿಸಿಡಿ ಎಂದು ಕೊನೆ. ವಿಗ್ಗಿನ ಮಾತೇ ಇರಲಿಲ್ಲ.

ಆರುನೂರ ನಲವತ್ತು ಜನ ತೆರೆದರು!

ಉತ್ತರಗಳೂ ಬಂದವು. ಯಲಬುರ್ಗಾದಲ್ಲಿ ಶಿಕ್ಷಕಿಯಾಗಿರುವ ಸುರೇಖಾ ಎಂಬವರು ಬರೆದಿದ್ದರು: 'ಮನೆಯವರು ಪಕ್ಕದಲ್ಲೇ ಕೂತಿದ್ದರು. ಆದರೂ ಹೆದರದೆ ತೆರೆದೆ. ಥ್ಯಾಂಕ್ಸ್, ನೀವು ಯಾರೋ ಗೊತ್ತಿಲ್ಲ.' ನಜೀಬ ಅದನ್ನು ಎರಡು ಸಲ ಓದಿ ಹೇಳಿದ. ಮುಬಾಶಿರಾ ಕೇಳುತ್ತಾ ಕೇಳುತ್ತಾ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ವಾರಗಳು ಹೀಗೇ ಸಾಗಿದವು. ಓದುಗರು ಬರೆದ ಅನುಭವವನ್ನು ಅವರ ಒಪ್ಪಿಗೆ ಕೇಳಿ, ಹೆಸರು ಬಿಟ್ಟು, ಅವರೇ ಮಾತಾಡಿದಂತೆ 'ನಾನು' ಎಂದು ಬರೆಯುತ್ತಿದ್ದಳು. ಬೆಳಗಿನ ಜಾವ ಬರೆಯುವುದು. ಒಂದು ಬರೆದು ಹೊಡೆದುಹಾಕಿ ಇನ್ನೊಂದು ಬರೆಯುವುದು. ಗುರುವಾರ ಸಂಜೆ ನೋಟ್‌ಬುಕ್ಕನ್ನು ಅವನ ಮೇಜಿನ ಮೇಲಿಟ್ಟು ಹೋಗುವುದು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವನು ಟೈಪ್ ಮಾಡಿ ಕಳಿಸುವುದು.

"ಇಷ್ಟ ಪುಟದಾಗ ಯಾವುದು ಕಳಿಸೂದಂತ ಹೆಂಗ ತಿಳೀಬೇಕ್ರಿ ನನಗ?" ಎಂದು ಒಮ್ಮೆ ಕೇಳಿದ.

ಅವಳು ಮಡಿಲಿನಿಂದ ಒಂದು ಕೆಂಪು ದಾರ ತೆಗೆದು ಪುಟದ ನಡುವೆ ಇಟ್ಟಳು. ಮುಗಿದ ಕಟ್ಟು!

ಅವನು ನಕ್ಕ. ಅವಳೂ ನಕ್ಕಳು. ಆ ನಗು ಅವಳಿಗೇ ಹೊಸದೆನಿಸಿತು.

ಕುಷ್ಟಗಿಯಿಂದ ಬಂದು ಬಸ್ಸಿಳಿದಾಗ ನಜೀಬ ವಾರಕ್ಕೆರಡು ಸಲ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದ. ಹುಲಿಗವ್ವ ಬಿಡುವವಳೇ? "ಮಿರ್ಚಿ ಹದಿಮೂರು ಮಂದಿಗೆ ತರ್ತೀಯಪಾ ತಮ್ಮಾ... ನೋಡೂದು ಮಾತ್ರ ಒಬ್ಬಾಕಿನ್ನ!"

ಮುಬಾಶಿರಾಳ ಮುಖ ಮಿರ್ಚಿಗಿಂತ ಕೆಂಪಾಯಿತು.

ಒಂದು ಸೋಮವಾರ, ಎಲ್ಲರೂ ಊಟಕ್ಕೆ ಎದ್ದಾಗ, ಅವನು ಅವಳ ಹಲಗೆಯ ಹತ್ತಿರ ಬಂದು ನಿಂತ.

"ಮುಬಾಶಿರಾ ಅವರ... ನಮ್ಮ ಅಮ್ಮ ಕೊಪ್ಪಳಕ್ಕ ಬರಬೇಕಂತಾಳ್ರಿ. ನಿಮ್ಮ ಮನಿಗೆ ಕರಕೊಂಡ ಬರ್ಲ್ಯಾ?"

ಅವಳ ಕೈಯಲ್ಲಿದ್ದ ಎಳೆ ಪಟ್ಟನೆ ತುಂಡಾಯಿತು.

ಖುಷಿ... ಹೌದು, ಮೊದಲು ಬಂದದ್ದು ಖುಷಿಯೇ. ಅದರ ಬೆನ್ನಿಗೇ ಹೆದರಿಕೆ. ಇವನಿಗೆ ಗೊತ್ತಿಲ್ಲ. ಇವನಿಗೆ ಏನೂ ಗೊತ್ತಿಲ್ಲ!

"ಒಂದ ವಾರ... ತಡೀರಿ. ಹೇಳ್ತೀನಿ," ಎಂದಳು.

ಮನೆಯಲ್ಲಿ ತಾಯಿ ಫಾತಿಮಾಬೀಗೆ ಹೇಳಿದಾಗ ಅವಳ ಕಣ್ಣು ಅರಳಿದವು. ಮರುಕ್ಷಣವೇ ದನಿ ತಗ್ಗಿತು.

"ಛಲೋ ಆತು. ಆದ್ರ ಲಗ್ನ ಆಗೂತನಕ ನೀ ಬಾಯಿ ಬಿಡಬ್ಯಾಡ. ಕನಕಗಿರಿ ಬಿಟ್ಟು ಬಂದದ್ದು ಯಾಕಂತ ನೆನಪೈತಿಲ್ಲೋ?"

"ಆಮ್ಯಾಲ ಗೊತ್ತಾದ್ರ ಅಮ್ಮಾ?"

"ಆಮ್ಯಾಲ ಆಮ್ಯಾಲ. ವಿಗ್ ಹಾಕ್ಕೊಂಡ ಕುಂದರು. ನಿಮ್ಮ ಶೆಡ್ಡಿನಾಗ ಮಾಡ್ತಾರಲ್ಲ!"

ತಾಯಿಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಭಯವಿತ್ತು. ಆದರೆ ಮುಬಾಶಿರಾಳಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಅವನ ಮಾತೇ ಕಿವಿಯಲ್ಲಿ. 'ಮ್ಯಾಲೆ ಏನ ಬರೀತೀರಿ, ಒಳಗ ಅದ ಇರಬೇಕು.'

ಹಾಗಾದರೆ ನಾನು? ನಾನೇ ಒಂದು ಸುಳ್ಳು ತಲೆಬರಹವೇ?

ಬಾಯಿಂದ ಹೇಳಲು ಅವಳಿಂದ ಸಾಧ್ಯವಿರಲಿಲ್ಲ. ಅವಳಿಗೆ ಗೊತ್ತಿದ್ದ ದಾರಿ ಒಂದೇ. ಗುರುವಾರ ನಸುಕಿನಲ್ಲಿ ನೋಟ್‌ಬುಕ್ ತೆರೆದಳು. ಒಬ್ಬರನ್ನು ಕಣ್ಣ ಮುಂದೆ ತಂದುಕೊಂಡಳು. ಹೆಸರು ಬರೆಯಲು ನಾಚಿಕೆಯಾಯಿತು. ಪ್ರತಿ ವಾರದಂತೆ 'ನಿಮಗೆ' ಎಂದೇ ಶುರುಮಾಡಿದಳು.

'ನಿಮಗೆ,

ನಿಮಗೊಂದು ಮಾತು ಹೇಳುವುದಿದೆ.

ನನಗೆ ಹದಿನಾಲ್ಕು ತುಂಬಿದ ವರ್ಷ ಕಿವಿಯ ಹಿಂದೆ ಒಂದು ರೂಪಾಯಿಯಷ್ಟು ಅಗಲ ಕೂದಲು ಉದುರಿತು. ವರ್ಷ ಕಳೆಯುವುದರೊಳಗೆ ತಲೆಯೆಲ್ಲ ಬರಿದಾಯಿತು. ಗಂಗಾವತಿಯ ಡಾಕ್ಟರು ಇದು ಅಂಟುವ ರೋಗವಲ್ಲ ಎಂದರು. ಆದರೆ ಬೆಂಚಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವರು ಡಾಕ್ಟರನ್ನು ಕೇಳಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಯಾರೋ ಹಿಂದಿನಿಂದ ನನ್ನ ತಲೆಯ ಬಟ್ಟೆ ಎಳೆದರು. ನಾನು ಅಳಲಿಲ್ಲ. ಬಟ್ಟೆ ಎತ್ತಿಕೊಂಡೆ, ಪುಸ್ತಕದ ಚೀಲ ಎತ್ತಿಕೊಂಡೆ, ಮನೆಗೆ ಬಂದೆ. ಮತ್ತೆ ಶಾಲೆಗೆ ಹೋಗಲಿಲ್ಲ.

ಕೂದಲು ಮತ್ತೆ ಬರಲಿಲ್ಲ.

ನೀವು ಬಂದ ದಿನ ಬಾಗಿಲು ತೆರೆದೇ ಇತ್ತು. ಗಾಳಿ ಬಂತು. ನಾನು ಬಟ್ಟೆಯನ್ನು ಬಿಗಿಯಾಗಿ ಹಿಡಿದೆ. ಇಷ್ಟು ವರ್ಷ ಹಿಡಿದು ಹಿಡಿದು ಕೈ ಸೋತಿದೆ. ಇದೆಲ್ಲ ತಿಳಿದ ಮೇಲೂ ಬರುವಿರಾದರೆ ಬನ್ನಿ. ಬಾರದಿದ್ದರೂ ನಿಮ್ಮ ಮೇಲೆ ಬೇಸರವಿಲ್ಲ.'

ಮುಗಿದಿತ್ತು. ಅವಳ ಬದುಕಿನಲ್ಲಿ ಇಷ್ಟು ಪೂರ್ತಿಯಾಗಿ ಮುಗಿದ ಮಾತು ಇನ್ನೊಂದಿರಲಿಲ್ಲ. ಅದಕ್ಕೇ, ಯೋಚಿಸದೆಯೇ, ಆ ಪುಟಕ್ಕೆ ಕೆಂಪು ದಾರ ಇಟ್ಟಳು. ಆ ವಾರದ ಪತ್ರ ಹಿಂದಿನ ಪುಟದಲ್ಲಿತ್ತು. ಅದಕ್ಕೆ ದಾರ ಇಡುವುದನ್ನು ಮರೆತಳು.

ಸಂಜೆ ನೋಟ್‌ಬುಕ್ಕನ್ನು ಅವನ ಮೇಜಿನ ಮೇಲಿಟ್ಟು, ಅವನು ಬರುವ ಮೊದಲೇ ಓಡಿಹೋದಳು.

ಶುಕ್ರವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಈಗ ಓದುತ್ತಿರಬಹುದು... ಈಗ ಓದಿ ಮುಗಿಸಿರಬಹುದು... ಬಾಗಿಲ ಬಳಿ ಸಪ್ಪಳವಾದರೆ ಎದ್ದು ನೋಡುತ್ತಿದ್ದಳು. ಯಾರೂ ಬರಲಿಲ್ಲ.

ಶನಿವಾರ ಕಾಲೆಳೆಯುತ್ತಾ ಶೆಡ್ಡಿಗೆ ಬಂದಳು. ಮೂಲೆಯ ಮೇಜಿನಿಂದ ನಜೀಬ ಛಂಗನೆ ಎದ್ದ. ಅವನ ಮುಖದ ತುಂಬ ಬೆಳಕು!

ಓದಿದ್ದಾನೆ! ಓದಿಯೂ ನಗುತ್ತಿದ್ದಾನೆ! ಅವಳ ಕಣ್ಣು ತುಂಬಿತು.

"ಸಾವಿರದ ಇನ್ನೂರು ಮಂದಿ ತೆರದಾರ್ರಿ!"

"...ಏನು?"

"ನೀವು ಬರದದ್ದು! ನಿನ್ನೆ ಬಸ್ ಕೆಟ್ಟು ತಡಾ ಆಗಿತ್ತು, ಸಾಹುಕಾರ್ರು ಅವಸರಾ ಮಾಡಾಕತ್ತಿದ್ರು. ದಾರ ಇಟ್ಟ ಪುಟಾ ತೆಗದೆ, ಗಡಬಡ ಟೈಪ್ ಮಾಡಿ ಹತ್ತಕ್ಕ ಕಳಿಸಿದೆ. ಎಂಬತ್ತು ಮಂದಿ ಉತ್ತರಾ ಬರದಾರ. ಭಾರೀ ಆಗೇತ್ರಿ! ಇದು ಯಾರ ಕಥಿ? ಯಲಬುರ್ಗಾದ ಸುರೇಖಾ ಅವರದೇನು?"

ಶೆಡ್ಡು, ಹಲಗೆ, ಹೆಂಗಸರು, ಎಲ್ಲ ಅವಳಿಂದ ದೂರ ಸರಿದಂತಾಯಿತು. ಊಟದ ಬಿಡುವು... ಹಿಂದಿನಿಂದ ಒಂದು ಕೈ... ಅಂದು ಬಟ್ಟೆ ಎಳೆದದ್ದು ಮೂವತ್ತು ಮಂದಿಯ ಮುಂದೆ. ಇಂದು?

ಇವನು ಓದಲೇ ಇಲ್ಲ. ಇವನ ಬೆರಳು ಮಾತ್ರ ಓದಿವೆ!

"ಯಾರದೂ ಅಲ್ರಿ," ಎಂದಳು. ಮೇಜಿನ ಮೇಲಿನ ನೋಟ್‌ಬುಕ್ ಎತ್ತಿಕೊಂಡಳು. ಚೀಲ ಎತ್ತಿಕೊಂಡಳು. ಅಳಲಿಲ್ಲ.

"ಮುಬಾಶಿರಾ ಅವರ... ಯಾಕ್ರಿ? ಏನಾತು?"

ಅವಳು ತಿರುಗಿ ನೋಡಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ಫಾತಿಮಾಬೀ ಹಣೆ ಚಚ್ಚಿಕೊಂಡಳು. "ಹೆಸರ ಹಾಕಿಲ್ಲಂದ್ರೇನಾತು? ಕನಕಗಿರಿ ಮಂದಿಗೆ ತಿಳಿಯಂಗಿಲ್ಲೇನು ಯಾರದಂತ? ನಾ ಬಡಕೊಂಡ್ನಿ, ಬಾಯಿ ಮುಚ್ಚಿಕೊಂಡಿರು ಅಂತ!"

"ನಾ ಬಾಯಿ ಬಿಟ್ಟಿಲ್ಲಮ್ಮಾ. ಬರದೀನಿ."

"ಎರಡೂ ಒಂದ!"

ಕನಕಗಿರಿಯ ಮಂದಿ ಏನೆನ್ನುತ್ತಾರೋ ಎಂಬ ಭಯ ಮುಬಾಶಿರಾಳಿಗೂ ಇತ್ತು. ಆದರೆ ಒಳಗೆ ಉರಿಯುತ್ತಿದ್ದದ್ದು ಬೇರೆ. 'ಯಾರ ಕಥಿ?' ಎಂದು ಕೇಳಿದನಲ್ಲ... ಅಷ್ಟು ಖುಷಿಯಿಂದ! ಬೇರೆಯವಳದಾದರೆ ಭಾರೀ ಕಥೆ. ನನ್ನದೆಂದು ಗೊತ್ತಾದರೆ? ಆ ಮುಖದ ಬೆಳಕು ಉಳಿಯುತ್ತದೆಯೇ?

ನಾಲ್ಕು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ನೋಟ್‌ಬುಕ್ಕನ್ನು ಅಕ್ಕಿ ಡಬ್ಬಿಯ ಹಿಂದೆ ತುರುಕಿದಳು.

ಬುಧವಾರ ಮಧ್ಯಾಹ್ನ ಹುಲಿಗವ್ವ ಬಂದಳು. ಬರುವಾಗಲೇ ಬಾಗಿಲಲ್ಲಿ ಶುರು. "ಏನವಾ, ನೀ ಇಲ್ಲದ ನಮಗ ಮಿರ್ಚಿ ಬಂದ್ ಆಗ್ಯಾವ!"

ಮುಬಾಶಿರಾ ನೀರು ತಂದುಕೊಟ್ಟಳು.

"ಆ ಹುಡುಗಗ ಏನಾಗೇತೋ ಯವ್ವಾ. ಸೋಮವಾರದಿಂದ ಕಂಪ್ಯೂಟರ್ ಮುಂದ ಸುಮ್ಮನ ಕುಂದರತಾನ. ಸಾಹುಕಾರ ಬೈದ್ರೂ ಹೂಂ, ನಾ ಬೈದ್ರೂ ಹೂಂ. ನಿನಗ ಕೊಡು ಅಂತ ಇದನ್ನ ಕೊಟ್ಟಾನ. ನಾ ತೆರದಿಲ್ಲ. ತೆರದ್ರೂ ನನಗೇನ್ ಓದಾಕ ಬರ್ತೈತಿ!"

ಒಂದು ಕವರು. ಅದಕ್ಕೆ ಸುತ್ತಿದ್ದು ಕೆಂಪು ದಾರ.

ಹುಲಿಗವ್ವ ಹೋದಮೇಲೂ ಮುಬಾಶಿರಾ ಅದನ್ನು ಮುಟ್ಟಲಿಲ್ಲ. ಸಾವಿರಾರು ಮಂದಿ ತೆರೆಯುವಂತೆ ಬರೆದವಳು, ತನ್ನ ಹೆಸರಿಗೆ ಬಂದ ಒಂದೇ ಕಾಗದ ತೆರೆಯಲಾರದೆ ಕೂತಳು. ಕನಿಕರ ಇದ್ದರೆ? 'ಪಾಪ' ಎಂದು ಬರೆದಿದ್ದರೆ? ತಡೆಯಲಾರೆ!

ಸಂಜೆ ದೀಪ ಹಚ್ಚಲು ಎದ್ದಾಗ ಕವರಿನ ಮೇಲೆ ಕಣ್ಣು ಬಿತ್ತು. ಅವಳ ಹೆಸರಿನ ಕೆಳಗೆ, ತಲೆಬರಹದಂತೆ, ಒಂದು ಸಾಲು.

'ಬಾಗಿಲು ಹಾಕದವನು ನಾನೇ.'

ಅವನಿಗೆ ಗೊತ್ತಾಗಿದೆ...

ದಾರ ಬಿಚ್ಚಿದಳು.

'ನಿಮಗೆ ಒಬ್ಬರಿಗೆ,

ಸೋಮವಾರ ಸುರೇಖಾ ಅವರ ಉತ್ತರ ಬಂತು. ಹೀಗೆ ಬರೆದಿದ್ದಾರೆ: "ಈ ವಾರದ ಪತ್ರ ಅರ್ಧ ಓದುವಾಗ ಬೇರೆಯವರ ಕವರು ಒಡೆದಂತೆ ಅನ್ನಿಸಿತು. ಇದು ನಮಗೆ ಬರೆದದ್ದಲ್ಲ. ಯಾರೋ ಒಬ್ಬರಿಗೆ ಬರೆದದ್ದು. ಅವರಿಗೆ ತಲುಪಿತೇ?"

ಆಮೇಲೆ ನಾನು ಓದಿದೆ. ಮೊದಲ ಸಲ ಓದಿದೆ. ಒಬ್ಬರಿಗೆ ಬರೆಯಿರಿ ಎಂದು ಕಲಿಸಿದವನೇ ಆ ಒಬ್ಬ ತಾನೆಂದು ತಿಳಿಯದೆ ಹೋದೆ. ನಾಚಿಕೆಯಾಗಿದೆ. ಕ್ಷಮಿಸಿ ಎಂದು ಕೇಳುವ ಮುಖವೂ ಇಲ್ಲ.

ಕಳಿಸಿದ್ದನ್ನು ವಾಪಸು ತರಲು ಆಗುವುದಿಲ್ಲ. ಅದು ಯಾರದೆಂದು ಇಲ್ಲಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನಮ್ಮ ಅಮ್ಮನಿಗೂ ಹೇಳಿಲ್ಲ. ಅದು ನಿಮ್ಮ ಮಾತು.

ಸುರೇಖಾ ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ತಲುಪಿತು ಎಂದು ಬರೆಯುವ ಹಕ್ಕು ನನಗಿಲ್ಲ.'

ಪಾಪ ಎಂಬ ಮಾತು ಎಲ್ಲೂ ಇರಲಿಲ್ಲ. ಅವಳು ಮತ್ತೊಮ್ಮೆ ಹುಡುಕಿದಳು. ಇರಲಿಲ್ಲ.

ಆಗ ಅಳು ಬಂತು. ಒಂಬತ್ತು ವರ್ಷ ತಡೆದಿಟ್ಟದ್ದೆಲ್ಲ ಬಂತು. ಫಾತಿಮಾಬೀ ಓಡಿ ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. ಮಗಳ ದುಪಟ್ಟಾದ ಮೇಲೆ ಸುಮ್ಮನೆ ಕೈಯಿಟ್ಟಳು.

ಮರುದಿನ ಗುರುವಾರ. ಮುಬಾಶಿರಾ ಅಕ್ಕಿ ಡಬ್ಬಿಯ ಹಿಂದಿನಿಂದ ನೋಟ್‌ಬುಕ್ ತೆಗೆದುಕೊಂಡು ಶೆಡ್ಡಿಗೆ ನಡೆದಳು. ಬಾಗಿಲು ತಳ್ಳಿದಳು. ಮೂಲೆಯ ಮೇಜಿನಲ್ಲಿ ಅವನಿದ್ದ. ನಾಲ್ಕೇ ದಿನಕ್ಕೆ ಮುಖ ಇಳಿದುಹೋಗಿತ್ತು. ಅವಳನ್ನು ಕಂಡು ಎದ್ದು ನಿಂತ.

ಅವಳಿಗೇ ಮೊದಲು ಮಾತು ಬಂತು!

"ಸಾವಿರದ ಇನ್ನೂರು ಮಂದಿ ಓದಿದ್ರು. ನೀವ ಒಬ್ಬರು ಓದಲಿಲ್ಲ."

"ಹೌದ್ರಿ."

"ಯಾರ ಕಥಿ ಅಂತ ಕೇಳಿದ್ರಿ. ನಕ್ಕೋಂತ ಕೇಳಿದ್ರಿ."

"ಹೌದ್ರಿ." ಅವನು ತಲೆ ತಗ್ಗಿಸಿದ. "ಅದನ್ನ ನೆನಸಿಕೊಂಡ್ರ ಈಗೂ ನನಗ ಅನ್ನ ಇಳಿಯವಲ್ದು."

"ಓದಿದ ಮ್ಯಾಲ..." ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು. "ಓದಿದ ಮ್ಯಾಲ ನನ್ನ ಕಂಡು ಪಾಪ ಅನ್ನಿಸ್ತೇನು? ಖರೇ ಹೇಳ್ರಿ."

ಅವನು ಸುಳ್ಳಲ್ಲದ ಮಾತಿಗಾಗಿ ಹುಡುಕಿದ.

"ಆ ಸಾಲಿ ಹುಡುಗಿ ಬಗ್ಗೆ ಅನ್ನಿಸ್ತು. ಆಕಿ ಒಬ್ಬಾಕೇನ ಚೀಲಾ ಎತ್ಕೊಂಡು ಮನಿಗೆ ನಡದಳಲ್ಲ... ಅದಕ್ಕ. ನನ್ನ ಮ್ಯಾಲೆ ಸಿಟ್ಟು ಬಂತು. ನಿಮ್ಮ ಮ್ಯಾಲೆ..." ಅವನು ಕಣ್ಣೆತ್ತಿದ. "ನಿಮ್ಮ ಮ್ಯಾಲೆ ಮೊದಲ ಏನಿತ್ತು, ಅದು ಹಂಗ ಐತ್ರಿ. ಒಂದ ಎಳೀನೂ ಹರಿದಿಲ್ಲ."

ಮುಬಾಶಿರಾ ತುಟಿ ಕಚ್ಚಿಕೊಂಡಳು. ಎದೆಯ ಸಿಕ್ಕು ಎಲ್ಲೋ ಒಂದು ತುದಿಯಲ್ಲಿ ಸಡಿಲವಾಯಿತು.

"ನಿಮ್ಮ ಅಮ್ಮಗ ನಾನ ಹೇಳ್ತೀನಿ. ಆಕಿ ಬ್ಯಾಡಂದ್ರೂ ಅನ್ನಲಿ. ಮುಚ್ಚಿಟ್ಟು ಬರಂಗಿಲ್ಲ ನಾ."

"ಅಂದ್ರ... ಕರಕೊಂಡ ಬರ್ಲ್ಯಾ?"

"ಐತಾರ. ಮುಂಜಾನೆ ಬರ್ರಿ. ಬಸ್ ಕೆಟ್ರೂ ನಡಕೋತ ಬರ್ರಿ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿದ. ಪರದೆಯ ಮೇಲೆ ಸುರೇಖಾ ಅವರ ಪ್ರಶ್ನೆ ಹಾಗೇ ಇತ್ತು. 'ಅವರಿಗೆ ತಲುಪಿತೇ?'

ಮುಬಾಶಿರಾ ಕೂತಳು. ಅವನು ಒಂದೊಂದು ಅಕ್ಷರ ಎಲ್ಲಿದೆಯೆಂದು ತೋರಿಸಿದ. ಅವಳು ಒಂದೊಂದನ್ನೇ ಒತ್ತಿದಳು. ನಾಲ್ಕಕ್ಷರದ ಒಂದು ಮಾತಿಗೆ ಎಷ್ಟೊಂದು ಹೊತ್ತು!

'ತಲುಪಿತು.'

"ಕಳಸ್ಲ್ಯಾ?" ಎಂದ ಮೆಲ್ಲಗೆ. "ಈ ಸಲ ನಿಮ್ಮನ್ನ ಕೇಳಿ ಕಳಿಸ್ತೀನಿ."

"ಇದು ಒಬ್ಬರಿಗೇ ಹೋಗತೈತಿಲ್ಲ?"

"ಒಬ್ಬರಿಗೇ."

ಅವಳು ತಾನೇ ಒತ್ತಿದಳು.

ಆಗ ಗಾಳಿ ಬಂತು. ತಾನು ಬರುವಾಗ ತಳ್ಳಿದ ಬಾಗಿಲು ಹಾಗೇ ತೆರೆದಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಲಗೆಗಳ ಮೇಲಿನ ಎಳೆಗಳೆಲ್ಲ ಎದ್ದವು, ಬೆಳಕಿನಲ್ಲಿ ತೇಲಿದವು, ಅವನ ತೋಳಿಗೆ, ಅವಳ ದುಪಟ್ಟಾಕ್ಕೆ ಬಂದು ಅಂಟಿದವು. ಅಂಚು ಹಣೆಯಿಂದ ಒಂದು ಬೆರಳಿನಷ್ಟು ಹಿಂದೆ ಸರಿಯಿತು.

ಅವಳ ಎಡಗೈ ಮೇಜಿನ ಮೇಲೆಯೇ ಇತ್ತು.

ಅವನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನ ಕೆನ್ನೆಯ ಮೇಲೆ ಒಂದು ಎಳೆ ಕೂತಿತ್ತು, ಅಂದಿನಂತೆಯೇ.

"ಕೆನ್ನಿ ಮ್ಯಾಲೆ... ಕೂದಲಾ ಐತ್ರಿ," ಎಂದಳು.

"ಇರಲಿ ಬಿಡ್ರಿ."

"ಬಾಗಿಲಾ ಹಾಕ್ರೇ!" ಹಿಂದಿನಿಂದ ಹುಲಿಗವ್ವ ಕೂಗಿದಳು.

ಇಬ್ಬರೂ ಅಲುಗಲಿಲ್ಲ. ಗಾಳಿ ಮತ್ತೊಮ್ಮೆ ಬೀಸಿತು.

"ಯವ್ವಾ ಮುಬಾಶಿರಾ... ಆ ಬಾಗಿಲಾ ಹಾಕವಾ."